ಗಾಜಿನೊಳಗಿನ ಗುಂಡಗಡಗಿ

ಪ್ರದರ್ಶನದ ಬಾಗಿಲಲ್ಲೇ ಮುರಿಗೆವ್ವ ಚಪ್ಪಲಿ ಬಿಟ್ಟಳು.

"ಇದು ಗುಡಿ ಅಲ್ರಿ ವೈನೀ, ಹಾಕ್ಕೊಂಡ ಬರ್ರಿ" ಎಂದು ಮೈದುನ ಶಂಕ್ರೆಪ್ಪ ಹೇಳಿದ. ಅವಳು ಕೇಳಲಿಲ್ಲ. ಮಗನ ಇಷ್ಟಲಿಂಗವಿರುವ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದು ಹೇಗೆ?

ಎರಡನೆಯ ಮಹಾಯುದ್ಧ ಮುಗಿದು ವರುಷವಾಗಿತ್ತು. ವೈರಿಗಳಿಂದ ಕಿತ್ತುಕೊಂಡ ಆಯುಧಗಳನ್ನು ಊರೂರಿಗೆ ತಂದು ಜನರಿಗೆ ತೋರಿಸುತ್ತಿದ್ದರು. ವಿಜಾಪುರದಲ್ಲಿ ಸೊಲ್ಲಾಪುರ ರಸ್ತೆಯ ಒಂದು ಹತ್ತಿ ವಖಾರಿಯನ್ನು ಖಾಲಿ ಮಾಡಿಸಿ ಅಲ್ಲಿ ಇಟ್ಟಿದ್ದರು. ಹಿಂದಿನ ಸಂತೆಗೆ ಬಂದಾಗ ಅದನ್ನು ನೋಡಿದ ಶಂಕ್ರೆಪ್ಪ ಸಾರವಾಡಕ್ಕೆ ಮರಳಿ, ಕಟ್ಟೆಯ ಮೇಲೆ ಕೂತು ಬಂದೂಕುಗಳ ಸುದ್ದಿ ಹೇಳುತ್ತ, "ನಾವು ಕೊರಳಾಗ ಲಿಂಗ ಇಟ್ಟುಕೊಳ್ಳೋ ಅಂಥಾ ಒಂದು ಗುಂಡಗಡಗೀನೂ ಇಟ್ಟಾರ ನೋಡ್ರಿ ಗಾಜಿನ ಪೆಟ್ಟಿಗ್ಯಾಗ. ಇಟಲಿ ದೇಶದಾಗ ಸಿಕ್ಕದ್ದಂತ" ಎಂದುಬಿಟ್ಟಿದ್ದ. ಅಂದ ಮೇಲೆ, ಹತ್ತಿರದಲ್ಲೇ ಮುರಿಗೆವ್ವ ನಿಂತದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡ. ಅಂದಿನಿಂದ ಮುರಿಗೆವ್ವನ ಗಂಟಲಲ್ಲಿ ರೊಟ್ಟಿ ಇಳಿದಿರಲಿಲ್ಲ.

ಅವಳ ಮಗ ಗುರಲಿಂಗ ಫೌಜಿಗೆ ಸೇರಿ ಇಟಲಿಯ ಗುಡ್ಡದಲ್ಲಿ ತೀರಿಕೊಂಡಿದ್ದ. ಜೊತೆಗಿದ್ದ ಗೆಳೆಯ ರಜೆಯಲ್ಲಿ ಮನೆಗೆ ಬಂದು, "ಉಳಿದವರನ್ನ ಸುಟ್ರು, ಯವ್ವಾ. ಗುರಲಿಂಗನ್ನ ಮಾತ್ರ ಸಾಹೇಬರಿಗೆ ಹೇಳಿ ನಮ್ಮ ಪದ್ಧತಿ ಪ್ರಕಾರ ಕೂಡಿಸಿ ಮಣ್ಣ ಕೊಟ್ಟೀವಿ. ಲಿಂಗ ಅಂಗೈಯಾಗ ಇತ್ತು" ಎಂದು ಹೇಳಿಹೋಗಿದ್ದ. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಇಷ್ಟು ದಿನ ಉಸಿರಾಡಿದ್ದಳು. ಈಗ ಗಡಗಿ ಇಲ್ಲಿದ್ದರೆ ಲಿಂಗವೂ ಇಲ್ಲೇ ಇರಬೇಕು. ಹಾಗಾದರೆ ಮಗ ಬರಿಗೈಯಲ್ಲಿ ಮಣ್ಣಿಗೆ ಹೋದನೆ?

ವಖಾರಿಯೊಳಗೆ ಇನ್ನೂ ಹತ್ತಿಯ ವಾಸನೆಯಿತ್ತು. ಬಂದೂಕುಗಳನ್ನು ನವಿಲಿನ ಗರಿಯಂತೆ ಗೋಡೆಯ ಮೇಲೆ ಬಿಚ್ಚಿ ಹಚ್ಚಿದ್ದರು. ಕಬ್ಬಿಣದ ಟೊಪ್ಪಿಗೆಗಳು ಕುಂಬಳಕಾಯಿಗಳಂತೆ ಸಾಲಾಗಿ ಕೂತಿದ್ದವು. ತೂತು ಬಿದ್ದದ್ದನ್ನು ಎಲ್ಲರಿಗೂ ಕಾಣಲೆಂದು ಮುಂದಿಟ್ಟಿದ್ದರು. ಮುರಿಗೆವ್ವ ಯಾವುದನ್ನೂ ನೋಡಲಿಲ್ಲ. ಶಂಕ್ರೆಪ್ಪ ತೋರಿಸಿದ ಪೆಟ್ಟಿಗೆಯ ಮುಂದೆ ಹೋಗಿ ನಿಂತಳು.

ಕೆಂಪು ಬಟ್ಟೆಯ ಮೇಲೆ ಅದು ಒಂಟಿಯಾಗಿ ಕೂತಿತ್ತು. ತತ್ತಿಯ ಆಕಾರ, ನಡುವೆ ಎರಡು ಹೋಳು ಕೂಡಿದ ಗೆರೆ, ಮೇಲೆ ದಾರ ಪೋಣಿಸುವಂಥ ಉಂಗುರ.

"ಮಣ್ಣಾಗ ಬಿದ್ದು ಬೆಳ್ಳಿ ಕಪ್ಪಾಗೇತಿ" ಎಂದ ಶಂಕ್ರೆಪ್ಪ, ಮೆಲ್ಲಗೆ.

ಮುರಿಗೆವ್ವ ಸೆರಗಿನ ಗಂಟು ಬಿಚ್ಚಿ, ವಿಭೂತಿಯನ್ನು ಬೆರಳಿಗೆ ಹಚ್ಚಿಕೊಂಡು, ಗಾಜಿನ ಮೇಲೆ ಮೂರು ಗೆರೆ ಎಳೆದು ಕೈ ಮುಗಿದಳು.

"ಏ ಅವ್ವಾರ! ಗಾಜ ಹೊಲಸ ಮಾಡಬ್ಯಾಡ್ರಿ!" ಕಾವಲಿಗಿದ್ದ ಯಾಕೂಬ ಓಡಿ ಬಂದ.

"ಯಪ್ಪಾ, ಒಮ್ಮಿ ತಗದು ನನ್ನ ಕೈಯಾಗ ಕೊಡು. ಇದರಾಗ ನನ್ನ ಮಗನ ಲಿಂಗ ಐತಿ."

ಯಾಕೂಬ ಅವಳ ಮುಖ ನೋಡಿದ, ಕೊರಳಲ್ಲಿದ್ದ ಅವಳ ಗುಂಡಗಡಗಿಯನ್ನು ನೋಡಿದ, ಪೆಟ್ಟಿಗೆಯೊಳಗೆ ನೋಡಿದ. ಬಂದ ನಗೆಯನ್ನು ನುಂಗಿಕೊಂಡ.

"ಅವ್ವಾರ, ಅದು ಬಾಂಬರಿ. ಜರ್ಮನ್ ಮಂದಿ ಕೈಲೆ ಒಗಿಯೋ ಬಾಂಬು."

"ಸುಳ್ಳ ಹೇಳಬ್ಯಾಡ. ಮುದುಕಿ ಅಳತಾಳಂತ ಮುಚ್ಚಿಡಾಕತ್ತಿ."

ಯಾಕೂಬ ಪೆಟ್ಟಿಗೆಯ ಕೀಲಿ ತೆಗೆದ. ಶಂಕ್ರೆಪ್ಪ ಅಷ್ಟರಲ್ಲಿ ಕಂಬದ ಹಿಂದಕ್ಕೆ ಸರಿದಿದ್ದ.

"ಮದ್ದು ಎಂದೋ ತಗದಾರ್ರಿ ಯಜಮಾನ್ರ, ಬರ್ರಿ ಈಚಿಗೆ."

"ಇರಲಿ ಬಿಡಪಾ, ಇಲ್ಲಿಂದನೂ ಛಲೋ ಕಾಣತೈತಿ."

ಅಂಗೈಗೆ ಬಂದದ್ದು ತಣ್ಣಗಿತ್ತು, ಭಾರವಾಗಿತ್ತು. ದಿನವೂ ಪೂಜೆಗೆ ಕೂತಾಗ ತನ್ನದನ್ನು ತೆರೆಯುವ ಹಾಗೆಯೇ ಮುರಿಗೆವ್ವ ನಡುವಿನ ಗೆರೆಯ ಮೇಲೆ ಹೆಬ್ಬೆರಳಿಟ್ಟು ತಿರುವಿದಳು. ತೆರೆಯಲಿಲ್ಲ. ಯಾಕೂಬ ಮೇಲಿನ ಮುಚ್ಚಳ ಬಿಚ್ಚಿ ತೂತು ತೋರಿಸಿದ. ಅವಳು ಕಿರುಬೆರಳು ಹಾಕಿ ಒಳಗೆಲ್ಲ ಆಡಿಸಿದಳು. ಏನೂ ಇರಲಿಲ್ಲ. ಬೆರಳನ್ನು ಮೂಗಿಗೆ ಹಿಡಿದಳು.

"ವಿಭೂತಿ ವಾಸನಿ ಇಲ್ಲ" ಎಂದಳು. ಮತ್ತೆ ಮೂಸಿದಳು. "ಶಂಕ್ರೆಪ್ಪಾ, ನೀನೂ ನೋಡು."

ಶಂಕ್ರೆಪ್ಪ ಕಂಬ ಬಿಟ್ಟು ಬಂದು ಕತ್ತು ಚಾಚಿದ. "ಪಟಾಕಿ ವಾಸನಿ, ವೈನೀ."

ಮುರಿಗೆವ್ವ ನಿಂತಲ್ಲೇ ಕುಸಿದು ಕೂತಳು. "ಬಾಂಬ ಐತಿ! ಬರೇ ಬಾಂಬ! ಯಪ್ಪಾ ಬಸವಣ್ಣಾ, ಬಾಂಬ ಐತಿ!" ಎಂದು ನಗತೊಡಗಿದಳು. ಕಣ್ಣೀರು ಗದ್ದಕ್ಕಿಳಿಯುತ್ತಿತ್ತು. ಬಂದೂಕು ನೋಡುತ್ತಿದ್ದವರೆಲ್ಲ ತಿರುಗಿ ನಿಂತರು. ಬಾಂಬು ಸಿಕ್ಕಿತೆಂದು ಇಷ್ಟು ಸಂತೋಷಪಡುವವರನ್ನು ಅವರಾರೂ ಕಂಡಿರಲಿಲ್ಲ. "ನನ್ನ ಮಗ ಬರಿಗೈಲೆ ಹೋಗಿಲ್ಲ. ಅವನ ಲಿಂಗ ಅವನ ಹತ್ರನ ಐತಿ."

ನೆಮ್ಮದಿಯ ಹಿಂದೆಯೇ ಹಸಿವು ಬಂತು. "ಬುತ್ತಿ ಗಂಟ ಎಲ್ಲಿಟ್ಟಿ ಶಂಕ್ರೆಪ್ಪಾ? ಈ ತಮ್ಮಗೂ ಒಂದು ರೊಟ್ಟಿ ಕೊಡು."

ಶಂಕ್ರೆಪ್ಪ ಈಗ ಧೈರ್ಯ ಮಾಡಿ ಬಾಂಬನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದ. "ಇದು ಎಷ್ಟ ಮಂದೀನ ಕೊಂದೈತೋ ಏನೋ!"

"ಕೊಂದಿದ್ರ ಹಿಂಗ ಇಡಿಯಾಗಿ ಎಲ್ಲಿ ಸಿಗತಿತ್ರಿ?" ಎಂದ ಯಾಕೂಬ. "ಚೂರುಚೂರು ಆಗತಿತ್ತು. ಇದು ಯಾರೂ ಒಗೀಲಾರದ ಉಳದದ್ದು."

ಅವನು ಅದನ್ನು ಕೆಂಪು ಬಟ್ಟೆಯ ಮೇಲಿಟ್ಟು ಕೀಲಿ ಹಾಕಿದ. ಹೆಗಲ ಮೇಲಿನ ವಸ್ತ್ರ ತೆಗೆದು ಗಾಜಿನ ಮೇಲಿನ ಗೆರೆಗಳನ್ನು ಒರೆಸಲು ಕೈ ಎತ್ತಿದಾಗ, ಏಳುತ್ತಿದ್ದ ಮುರಿಗೆವ್ವ ಅವನ ಮುಂಗೈ ಹಿಡಿದುಕೊಂಡಳು.

"ಒರಸಬ್ಯಾಡ, ಯಪ್ಪಾ. ಯಾರನ್ನೂ ಕೊಲ್ಲಲಾರದ ಉಳದೈತಿ ಅಂದ್ಯಲ್ಲ. ಇದಕ್ಕೂ ವಿಭೂತಿ ಇರಲಿ."