ಸಂಜೆಯ ನೌಕರಿ

ಹಗಲಿಗೊಂದು ಕಂಪನಿ, ಸಂಜೆಗೊಂದು ಕಂಪನಿ. ಎರಡೂ ಮನೆಯ ಒಂದೇ ಮೇಜಿನ ಮೇಲೆ. ಹೀಗೆ ಗುಟ್ಟಾಗಿ ಎರಡೆರಡು ನೌಕರಿ ಮಾಡುತ್ತಿದ್ದ ಸಂಪದಾಳಿಗೆ, ಆ ಬೆಳಿಗ್ಗೆ ವಿಡಿಯೋ ಮೀಟಿಂಗಿನಲ್ಲಿ ಮ್ಯಾನೇಜರ್ ಹಂಚಿನಾಳರ ಮಾತು ಕೇಳಿ ಎದೆ ಧಸಕ್ಕೆಂದಿತು.

"ನಮ್ಮ ಟೀಮಿನ್ಯಾಗ ಯಾರೋ ಕದ್ದು ಇನ್ನೊಂದು ಕಂಪನಿಗೂ ದುಡಿಯಾಕತ್ತಾರ. ಸಿಕ್ಕರ ಅವತ್ತ ಮನಿಗೆ ಕಳಸ್ತೀನಿ!"

"ಎಲ್ಲಾರೂ ಮನ್ಯಾಗ ಅದೀವಲ್ರೀ ಸರ್" ಎಂದನೊಬ್ಬ.

"ನೀ ಬಾಯಿ ಮುಚ್ಚು. ಸಂಪದಾ, ನಂಬಾಕ ನೀ ಒಬ್ಬಾಕಿ ಅದಿ. ಅಂವ ಯಾರಂತ ಹುಡುಕಿ ಹೇಳವಾ."

"ಹೂಂ ರೀ ಸರ್" ಎಂದಳು ಸಂಪದಾ.

ಈ ಹೆದರಿಕೆಯೇ ಬೇಡ, ಸಂಜೆಯ ಕೆಲಸ ಬಿಟ್ಟೇಬಿಡೋಣ ಎಂದುಕೊಂಡಳು. ಅಲ್ಲಿ ಅವತ್ತೇ ಹೊಸ ಮ್ಯಾನೇಜರ್ ಸೇರುವವರಿದ್ದರು. ಮೊದಲ ಮಾತುಕತೆಯಲ್ಲೇ ಹೇಳಿದರಾಯಿತು. ಸಂಜೆ ಕ್ಯಾಮೆರಾ ಹಾಕಿಕೊಂಡು ಕಾದು ಕುಳಿತಳು. ಆ ಕಡೆಯ ಕ್ಯಾಮೆರಾವೂ ಶುರುವಾಯಿತು.

ಹಂಚಿನಾಳರು!

ಇಬ್ಬರೂ ತುಸು ಹೊತ್ತು ಪಿಳಿಪಿಳಿ ಕಣ್ಣು ಬಿಟ್ಟರು. ಆಮೇಲೆ ಹಂಚಿನಾಳರು ಗಂಟಲು ಸರಿಮಾಡಿಕೊಂಡು, "ನಮಸ್ಕಾರ್ರೀ ಮೇಡಂ. ನಾವಿಬ್ರೂ ಭೇಟಿ ಆಗೂದು ಇದ ಮೊದಲನೇ ಸಲ, ಹೌದಲ್ರೀ?" ಎಂದರು.