ತಂದೆಯ ಕಡೆಯವರು

ಪ್ರತಿಮಾಳ ಅಂಡಾಶಯದಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದು ಹದಿನೈದು ದಿನವಾಗಿತ್ತು. ಮನೆತನದ ವಿವರ ಬೇಕೆಂದು ಡಾಕ್ಟರು ಕರೆಸಿದಾಗ ಅವಳ ಜೊತೆ ಬಂದದ್ದು ಅಜ್ಜಿ ನೀಲವ್ವ. ಪ್ರತಿಮಾಳ ತಂದೆ ತೀರಿಕೊಂಡಿದ್ದರಿಂದ ಆ ಕಡೆಯ ಸಂಗತಿ ತಿಳಿದವಳು ಅವರ ತಾಯಿ ಈ ನೀಲವ್ವ ಒಬ್ಬಳೇ.

"ತಾಯಿಯ ಕಡೆ ಯಾರಿಗೂ ಇಲ್ಲ. ತಂದೆಯ ಕಡೆ?" ಎಂದು ಡಾಕ್ಟರು ಕೇಳಿದರು.

"ಗಂಡಸರ ಕಡಿಂದ ಹೆಂಗ ಬರ್ತೈತ್ರೀ ಇದು?" ನೀಲವ್ವ ಕುರ್ಚಿಯ ತುದಿಗೆ ಸರಿದಳು.

"ಬರಬಹುದು ಅಜ್ಜಿ. ನಿಮ್ಮಿಂದ ಮಗನಿಗೆ, ಮಗನಿಂದ ಇವರಿಗೆ."

"ನಾ ಆರು ಹಡದೀನಿ. ನನಗೇನೂ ಆಗಿಲ್ಲ."

"ಹೆಚ್ಚು ಮಕ್ಕಳನ್ನು ಹೆತ್ತವರಿಗೆ ಅಪಾಯ ಸ್ವಲ್ಪ ಕಡಿಮೆ. ನಿಮ್ಮ ಅಕ್ಕತಂಗಿಯರಿಗೆ?"

"ಯಾರಿಗೂ ಇಲ್ಲ." ಅವಳು ಎದ್ದೇ ಬಿಟ್ಟಳು. "ನಡೀಯವಾ, ಬಸ್ಸಿನ ಹೊತ್ತಾತು."

ಪ್ರತಿಮಾ ಏಳಲಿಲ್ಲ. "ಆಯಿ, ನಾಳೆ ನನ್ನ ತಂಗೀಗೂ ಬರಬಹುದಂತ. ಗೊತ್ತಿದ್ರ ಹೇಳು."

"ಕ್ಯಾನ್ಸರ್ ಅಂತ ಆಗ ಗೊತ್ತಾಗದೆಯೂ ಇರಬಹುದು," ಎಂದರು ಡಾಕ್ಟರು. "ಯಾರಿಗಾದರೂ ಹೊಟ್ಟೆ ಉಬ್ಬಿತ್ತೇ? ಊಟ ಸೇರುತ್ತಿರಲಿಲ್ಲವೇ?"

ನೀಲವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬಾಗಿಲ ಕಡೆ ನೋಡಿದಳು. ಕೊನೆಗೆ ಕುಳಿತಳು.

"ನಮ್ಮ ಅಕ್ಕಗ ಹೊಟ್ಟಿ ಬಂದಿತ್ತು. ಉಂಡದ್ದೆಲ್ಲಾ ವಾಂತಿ ಮಾಡ್ತಿದ್ಲು."

ಡಾಕ್ಟರು ಬರೆದುಕೊಂಡರು. "ಯಾವ ಆಸ್ಪತ್ರೆಗೆ ತೋರಿಸಿದಿರಿ?"

"ತೋರಸಲಿಲ್ಲರೀ. ಆಕೀದು ಲಗ್ನ ಆಗಿರಲಿಲ್ಲ. ಬಸುರಾಗ್ಯಾಳ ಅಂತ ಮನಿಯಿಂದ ಹೊರಗ ಹಾಕಿದ್ವಿ."