ಇಂಜಿನ್ ತಣಿಯುವ ತನಕ

ಹೆಮ್ಮಾಡಿ ದಾಟುತ್ತಿದ್ದಂತೆ ಪಿಕಪ್‌ನ ಮುಂದಿನಿಂದ ಬಿಳಿ ಹಬೆ ಏಳತೊಡಗಿತು. ಶೈಲೇಶ್ ತನ್ನ ಅಪ್ಪನ ಕಾಲದ ಆ ಗಾಡಿಯನ್ನು ರಸ್ತೆಬದಿಯ ಗೋಳಿಮರದ ನೆರಳಿಗೆ ತಂದು ನಿಲ್ಲಿಸಿದ. ಹಿಂದೆ, ಕೊಕ್ಕರ್ಣೆಯಲ್ಲಿ ಬೆಳಿಗ್ಗೆಯಷ್ಟೇ ಕೊಂಡ ಗಬ್ಬದ ದನವಿತ್ತು. ಅದರ ಕೊರಳು ಸವರುತ್ತ ಅವನ ಅತ್ತೆ ಚಂದ್ರಮತಿ ಬೈಹುಲ್ಲಿನ ಮೇಲೆ ಕೂತಿದ್ದಳು. ಕಿರಿಮಂಜೇಶ್ವರದ ಮನೆ ಇನ್ನೂ ದೂರವಿತ್ತು.

"ಎಂತ ಆಯ್ತ್ ಮಾರಾಯ?"

"ಇಂಜಿನ್ ಕಾದಿತ್ ಅತ್ತೆ. ತಣಿವರೆಗೆ ಮುಟ್ಟೂಕಾತ್ತಿಲ್ಲೆ."

"ಅಲ್ಲಿವರೆಗೆ ಇದ್ ಕಾಯ್ತಿಲ್ಲೆ ಕಾಣ್. ನೋವ್ ಶುರು ಆಯ್ತ್ ಇದಕ್ಕೆ."

"ಇನ್ನೂ ಒಂದ್ ವಾರ ಇತ್ತ್ ಅಂದಿರಲೆ ದನ ಕೊಟ್ಟವ್ರ್?"

"ದನುವಿಗೆ ಕ್ಯಾಲೆಂಡರ್ ಓದೂಕೆ ಬತ್ತಾ? ಮೆಲ್ಲ ಗಾಡಿ ಬಿಡೂಕಾತ್ತಾ ಕಾಣ್."

"ಈಗ ಬಿಟ್ರೆ ಇಂಜಿನ್ ಕಚ್ಚಿ ಹಿಡಿತ್ತ್, ಅತ್ತೆ."

ಹಳೆಯ ದನ ಸತ್ತ ಮೇಲೆ ಖಾಲಿ ಬಿದ್ದಿದ್ದ ಹಟ್ಟಿಗೆ ಊರೂರು ಅಲೆದು ಚಂದ್ರಮತಿ ಹುಡುಕಿದ ದನ ಅದು. ಅವಳ ಮುಖ ನೋಡಲಾರದೆ ಶೈಲೇಶ್ ಬಾನೆಟ್ ಎತ್ತಿದ. ನೀರು ಎಲ್ಲೂ ಸೋರಿರಲಿಲ್ಲ. ಬೆಲ್ಟು ಬಿಗಿಯಾಗಿಯೇ ಇತ್ತು. ರೇಡಿಯೇಟರಿನ ಮೇಲಿನ ಪೈಪಿಗೆ ಬೆರಳು ತಾಗಿಸಿದವನು ಹಾ ಎಂದು ಕೈ ಕೊಡವಿದ. ಕೆಳಗಿನ ಪೈಪು ಮಾತ್ರ ತಣ್ಣಗಿತ್ತು. ಬಿಸಿಯಾದಾಗ ತೆರೆದು ನೀರು ಹರಿಸಬೇಕಾದ ವಾಲ್ವು ಮುಚ್ಚಿದಲ್ಲೇ ಸಿಕ್ಕಿಕೊಂಡಿದೆ!

"ಅತ್ತೆ, ಸಿಕ್ತ್! ವಾಲ್ವ್ ತೆಗೆದ್ ಬಿಸಾಕಿರೆ ಮನೆವರೆಗೆ ಹೋಪುಕಾತ್ತ್!"

"ನಂಗೂ ಸಿಕ್ತ್. ಕರುವಿನ ಕಾಲ್! ಬಾ ಬೇಗ!"

ಶೈಲೇಶ್ ಹಿಂದಕ್ಕೆ ಓಡಿದ. ಮಲಗಿದ್ದ ದನದ ಹಿಂದೆ ಎರಡು ಪುಟ್ಟ ಗೊರಸು ಹೊರಬಂದು ಅಲ್ಲೇ ನಿಂತಿದ್ದವು. ರಸ್ತೆಯಾಚೆಯ ಮನೆಯ ಜಲಜ ಎಂಬಾಕೆ ಗಾಡಿ ನಿಂತದ್ದು ಕಂಡು ಬಕೆಟ್ಟಿನಲ್ಲಿ ನೀರು ತಂದವಳು, "ಹ್ವಾಯ್, ನೀರ್ ಇಂಜಿನ್ನಿಗಾ, ದನುವಿಗಾ?" ಎಂದಳು.

"ಮೊದ್ಲ್ ಇವ್ನ್ ಕೈಗೆ!" ಎಂದಳು ಚಂದ್ರಮತಿ.

ಗ್ರೀಸಿನ ಕೈ ತೊಳೆದು ಶೈಲೇಶ್ ಒಂದು ಕಾಲು ಹಿಡಿದ. ಅತ್ತೆ ಇನ್ನೊಂದು. "ಅದ್ ತಿಣ್ಕುವಾಗ ಮಾತ್ರ ಎಳಿ." ದನ ತಿಣುಕಿತು, ಇಬ್ಬರೂ ಎಳೆದರು. ಮತ್ತೊಮ್ಮೆ. ಒಮ್ಮೆಲೇ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಲಿಲ್ಲ. ಚಂದ್ರಮತಿ ಅದರ ಮೂಗು ಬಾಯಿ ಒರೆಸಿ, ಹುಲ್ಲಿನಿಂದ ಮೈಯನ್ನು ಗಸಗಸ ಉಜ್ಜಿದಳು. ಕರು ಸೀನಿತು.

"ಹೆಣ್ಣ್ ಕರು!" ಎಂದು ಜಲಜ ಚಪ್ಪಾಳೆ ತಟ್ಟಿದಳು. ಶೈಲೇಶ್ ನಗುತ್ತಿದ್ದ, ಕಣ್ಣು ಮಾತ್ರ ಒದ್ದೆಯಾಗಿತ್ತು.

ತಾಯಿ ಕರುವನ್ನು ನೆಕ್ಕಿ ಒಣಗಿಸುವಷ್ಟರಲ್ಲಿ ಇಂಜಿನ್ ತಣಿದಿತ್ತು. ಅವನು ವಾಲ್ವು ಕಿತ್ತು, ಅದರ ಗೂಡಿನ ಮುಚ್ಚಳ ಬಿಗಿದು, ಜಲಜ ಮತ್ತೆ ತಂದುಕೊಟ್ಟ ನೀರು ತುಂಬಿಸಿದ. ಕರು ತುಳಿತಕ್ಕೆ ಸಿಗಬಾರದೆಂದು ಚಂದ್ರಮತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದಿನ ಸೀಟಿಗೆ ಬಂದು ಕೂತಳು.

ಗಾಡಿ ಹೊರಟಿತು. ಬಿಸಿ ತೋರಿಸುವ ಮುಳ್ಳು ಮೇಲೇರಲಿಲ್ಲ. ಶೈಲೇಶ್ ಎದುರಿನ ಕನ್ನಡಿಯತ್ತ ಕಣ್ಣು ಹಾಯಿಸಿದ. ಹಿಂದಿನ ರಸ್ತೆ ಕಾಣಲಿಲ್ಲ. ಕ್ಯಾಬಿನ್ನಿನ ಹಿಂಗಾಜಿನ ತುಂಬ, ಒಳಗಿದ್ದ ಕರುವಿಗಾಗಿ ಗಾಜನ್ನು ನೆಕ್ಕುತ್ತಲೇ ಇದ್ದ ಒಂದು ದೊಡ್ಡ ನಾಲಿಗೆ.